ಭಂಗಾರ್ ಅಂಗಡಿಯ ಗೇರ್‌ಬಾಕ್ಸು

ಪುಣೆಯಿಂದ ಸಾತಾರಾಕ್ಕೆ ಹೋಗುವ ದಾರಿಯಲ್ಲಿ ಖಂಬಾಟ್ಕಿ ಘಾಟಿನ ಅರ್ಧಕ್ಕೆ ಬಂದಾಗ ನಮ್ಮ ಕಾರು ಕೂಗಿತು. ಎಂಜಿನ್ ಮಾತ್ರ ಕೂಗಿತು, ಕಾರು ಮುಂದೆ ಹೋಗಲಿಲ್ಲ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ನಾಲ್ಕು ಸಾವಿರ ದಾಟುತ್ತಿತ್ತು. ಆ ಸುದ್ದಿ ಚಕ್ರಕ್ಕೆ ಮುಟ್ಟುತ್ತಲೇ ಇರಲಿಲ್ಲ. ಗೇರಿನ ದೀಪ ಮಿಣಮಿಣ ಅನ್ನತೊಡಗಿತು. ಆಮೇಲೆ ವಾಸನೆ.

"ಏನ್ರಿ, ಹಾಲು ತಳಾ ಹತ್ತಿದಂಗ ವಾಸನಿ ಬರಾಕತ್ತೈತಲ್ಲ" ಅಂದಳು ನನ್ನಾಕೆ.

ಇದು 2018ರ ಮೇ ತಿಂಗಳ ಮಾತು. ಮರುದಿನ ಧಾರವಾಡದಲ್ಲಿ ತಂಗಿಯ ಮಗಳ ನಿಶ್ಚಯ. ಹಿಂದಿನ ಸೀಟಿನಲ್ಲಿ ಸೀರೆ, ಎರಡು ಡಬ್ಬಿ ಚಕ್ಕಲಿ, ಒಂದು ಬುಟ್ಟಿ ಮಾವಿನಹಣ್ಣು. ಬಿಸಿಲಲ್ಲಿ ಒಂದು ಗಂಟೆ ನಿಂತೆವು. ಅಷ್ಟರಲ್ಲಿ ಹುಬ್ಬಳ್ಳಿಗೆ ಹೊರಟಿದ್ದ ನಮ್ಮ ಕಡೆಯ ಕೆಂಪು ಬಸ್ಸೊಂದು ಏದುಸಿರು ಬಿಡುತ್ತಾ ಬಂತು. ಕೈ ಮಾಡಿದೆ. ಡ್ರೈವರ್ ಕನ್ನಡ ಕೇಳಿದ್ದೇ ತಡ, ಅಲ್ಲೇ ನಿಲ್ಲಿಸಿದ. "ಅಕ್ಕಾರ್ನ ಹತ್ತಸ್ರಿ, ನಾವು ಮುಟ್ಟಸ್ತೀವಿ" ಅಂದ. ಚಕ್ಕಲಿ ಡಬ್ಬಿಯ ಜೊತೆ ಅವಳು ಧಾರವಾಡಕ್ಕೆ ಹೋದಳು. ನಾನು ಮಾವಿನಹಣ್ಣಿನ ಜೊತೆ ಘಾಟಿನಲ್ಲಿ ಉಳಿದೆ.

ಪುಣೆ ಹತ್ತಿರದ ಭೋಸರಿಯ ಮಿಸ್ತ್ರಿಗೆ, ಅಂದರೆ ಮೆಕ್ಯಾನಿಕ್‌ಗೆ, ಫೋನ್ ಮಾಡಿದೆ. ನಮ್ಮ ಓಣಿಯವರೊಬ್ಬರು ಹಿಂದೆ ಅವರ ನಂಬರ್ ಕೊಟ್ಟಿದ್ದರು. ಸಿಂದಗಿ ಕಡೆಯವರು. ಹದಿನಾರು ವರ್ಷ ಶಾರ್ಜಾದಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿ ಬಂದವರು. ನನಗೆ ಕಥೆ ಪೂರ್ತಿ ಹೇಳಲು ಬಿಡಲೇ ಇಲ್ಲ.

"ಸರ, ನ್ಯೂಟ್ರಲ್ ಹಾಕಿ ಹಗ್ಗ ಕಟ್ಟಿ ಎಳಸಬ್ಯಾಡ್ರಿ. ಉಳಿದದ್ದೂ ಸುಡತೈತಿ. ಗಾಡೀನ ಪೂರಾ ಮ್ಯಾಲ ಹೇರಿಕೊಂಡು ಬರೂ ಟ್ರಕ್ಕು ತರಸ್ರಿ."

ಕಾರಣ ಆಮೇಲೆ ತಿಳಿಯಿತು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನೊಳಗೆ ಎಣ್ಣೆ ತಳ್ಳುವ ಪಂಪನ್ನು ಓಡಿಸುವುದು ಎಂಜಿನ್. ಎಂಜಿನ್ ನಿಂತಿದ್ದು ಹಿಂದಿನ ಚಕ್ರ ತಿರುಗುತ್ತಿದ್ದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಉಜ್ಜುತ್ತವೆ. ಮ್ಯಾನುಯಲ್ ಕಾರನ್ನು ಎಳೆದ ಹಾಗೆ ಇದನ್ನು ಎಳೆಯಬಾರದು.

ಇನ್ನೊಂದು ತಮಾಷೆ ಕೇಳಿ. ಖಂಬಾಟ್ಕಿಯಲ್ಲಿ ಆಗ ಸಾತಾರಾಕ್ಕೆ ಹೋಗುವವರು ಘಾಟು ಹತ್ತಬೇಕಿತ್ತು, ಪುಣೆಗೆ ಬರುವವರು ಸುರಂಗದಲ್ಲಿ ಬರಬೇಕಿತ್ತು. ಹಾಗಾಗಿ ಅರ್ಧದಲ್ಲಿ ಕೆಟ್ಟು ನಿಂತವನೂ ಪುಣೆಗೆ ವಾಪಸಾಗಲು ಮೊದಲು ಘಾಟು ಹತ್ತಿಯೇ ತೀರಬೇಕಿತ್ತು. ನಮ್ಮ ಕಾರೂ ಅವತ್ತು ಘಾಟು ಹತ್ತಿತು, ಇನ್ನೊಬ್ಬರ ಬೆನ್ನ ಮೇಲೆ.

ಕಾರಿನ ಹೆಸರು ಬೇಡ. ವಿದೇಶಿ ಕಂಪನಿಯ ದೊಡ್ಡ ಪೆಟ್ರೋಲ್ ಗಾಡಿ, ಸೆಕೆಂಡ್ ಹ್ಯಾಂಡ್, ಐದು ಗೇರಿನ ಆಟೋಮ್ಯಾಟಿಕ್. ಅದನ್ನು ಶೋಕಿಗೆ ಕೊಂಡಿದ್ದಲ್ಲ. ಹಿಂದೊಮ್ಮೆ ಪಿಂಪ್ರಿಯಲ್ಲಿ ಸ್ಕೂಟರಿನಿಂದ ಬಿದ್ದು ನನ್ನ ಎಡ ಮಂಡಿಗೆ ಆಪರೇಷನ್ ಆಗಿತ್ತು. ಚಿಂಚವಡದಿಂದ ಸ್ವಾರಗೇಟಿಗೆ ಹೋಗಿ ಬರುವಷ್ಟರಲ್ಲಿ ಎಷ್ಟು ಸಲ ಕ್ಲಚ್ ಒತ್ತಬೇಕು ಅಂತ ಪುಣೆಯವರಿಗೆ ಹೇಳಬೇಕಾಗಿಲ್ಲ. ಅದಕ್ಕೇ, "ಇದನ್ನ ಕಿತ್ತು ಮ್ಯಾನುಯಲ್ ಹಾಕಿಸಿಬಿಡಿ, ಅಗ್ಗ" ಅಂತ ನಾಲ್ಕು ಜನ ಹೇಳಿದರೂ ನಾನು ಒಪ್ಪಲಿಲ್ಲ. ಹೊಸ ಗೇರ್‌ಬಾಕ್ಸ್ ತರಿಸಲು ಒಂದು ಕಡೆ ಮೂರೂವರೆ ಲಕ್ಷ ಹೇಳಿದರು. ಇಡೀ ಕಾರು ಮಾರಿದರೂ ಅಷ್ಟು ಹುಟ್ಟುತ್ತಿರಲಿಲ್ಲ.

ಮಿಸ್ತ್ರಿ ಕೆಳಗಿನ ಪ್ಯಾನ್ ಬಿಚ್ಚಿದರು. ಕೆಂಪಗಿರಬೇಕಾದ ಎಣ್ಣೆ ಕಪ್ಪಗೆ ಇಳಿಯಿತು. ತಳದಲ್ಲಿದ್ದ ಅಯಸ್ಕಾಂತದ ಮೇಲೆ ಬೆರಳು ಮುಳುಗುವಷ್ಟು ಬೂದು ಮಣ್ಣು. ಎರಡು ಬೆರಳಲ್ಲಿ ಉಜ್ಜಿ ನನ್ನ ಮೂಗಿನ ಹತ್ತಿರ ಹಿಡಿದರು.

"ಇದು ಎಣ್ಣಿ ಅಲ್ರಿ ಸರ, ಕಾಡಗಿ. ಯಾವಾಗ ಬದಲಾಯಿಸಿದ್ರಿ?"

"ಬದಲಾಯಿಸೇ ಇಲ್ಲ. ಬುಕ್ಕಿನಲ್ಲಿ ಲೈಫ್‌ಟೈಮ್ ಆಯಿಲ್ ಅಂತ ಬರೆದಿದ್ದಾರೆ."

"ಯಾರ ಲೈಫ್‌ಟೈಮು ರೀ? ನಿಮ್ಮದೋ, ಗಾಡೀದೋ, ಗೇರ್‌ಬಾಕ್ಸಿಂದೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂವತ್ತು ವರ್ಷ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದವನು ನಾನು. ಹೈಡ್ರಾಲಿಕ್ ಪ್ರೆಸ್ಸಿನ ಎಣ್ಣೆ ಒಂದು ವಾರ ತಡವಾದರೆ ಕೆಂಪು ಪೆನ್ನಿನಲ್ಲಿ ಬರೆಯುತ್ತಿದ್ದೆ. ಸ್ವಂತ ಕಾರಿನಲ್ಲಿ ಅದೇ ಎಣ್ಣೆ ಹನ್ನೊಂದು ವರ್ಷ ಬೆಂದಿದೆ, ನೋಡಿಲ್ಲ. ನೋಡೋಣ ಅಂದರೂ ಈ ಗೇರ್‌ಬಾಕ್ಸಿಗೆ ಎಣ್ಣೆ ಅಳೆಯುವ ಡಿಪ್‌ಸ್ಟಿಕ್ಕೇ ಇರಲಿಲ್ಲ. ಅದು ನಿಜ. ಆದರೂ ಸಮಾಧಾನಕ್ಕೆ ಆ ಮಾತು ಸಾಲಲಿಲ್ಲ.

ದಾರಿ ತೋರಿಸಿದ್ದು ಮಿಸ್ತ್ರಿಯೇ. ಇದೇ ಕಾರು, ಇದೇ ಎಂಜಿನ್, ಮೊದಲ ಕೆಲವು ವರ್ಷ ನಾಲ್ಕು ಗೇರಿನ ಹಳೇ ಆಟೋಮ್ಯಾಟಿಕ್ ಜೊತೆ ಬಂದಿತ್ತಂತೆ. ಅಂಥದ್ದೊಂದು ಹಳೇ ಗೇರ್‌ಬಾಕ್ಸ್ ತಂದು ಹಾಕಿದರೆ, ಎಂಜಿನ್ ಅದೇ ಆದ್ದರಿಂದ ಬೋಲ್ಟಿನ ತೂತುಗಳು ಸರಿಯಾಗಿ ಕೂರುತ್ತವೆ. ಶಾರ್ಜಾದಲ್ಲಿ ಇಂಥದ್ದನ್ನು ಎಷ್ಟೋ ಮಾಡಿದ್ದೇನೆ ಅಂದರು. "ಅದು ಎಮ್ಮಿ ಇದ್ದಂಗ್ರಿ. ಓಡಂಗಿಲ್ಲ, ಆದ್ರ ಬೀಳಂಗಿಲ್ಲ."

ನಾನು ಆರ್‌ಟಿಒ ಚಿಂತೆ ತೆಗೆದೆ. ಅವರು ಆರ್‌ಸಿ ಬುಕ್ ತೋರಿಸಲು ಹೇಳಿದರು. "ಎಂಜಿನ್ ನಂಬರ್ ಐತಿ, ಚಾಸಿ ನಂಬರ್ ಐತಿ. ಗೇರ್‌ಬಾಕ್ಸ್ ನಂಬರ್ ಎಲ್ಲೈತಿ ತೋರಸ್ರಿ?" ಇರಲಿಲ್ಲ.

ಈ ಎರಡು ಗೇರ್‌ಬಾಕ್ಸಿಗೂ ಇರುವ ವ್ಯತ್ಯಾಸ ನನಗೆ ಬಹಳ ಹಿಡಿಸಿತು, ಸ್ವಲ್ಪ ಹೇಳಿಬಿಡುತ್ತೇನೆ. ಎರಡರಲ್ಲೂ ಕ್ಲಚ್ ಪೆಡಲಿನ ಕೆಲಸ ಮಾಡುವುದು ಟಾರ್ಕ್ ಕನ್ವರ್ಟರ್. ಎದುರುಬದುರು ಎರಡು ಟೇಬಲ್ ಫ್ಯಾನ್ ಇಟ್ಟು ಒಂದನ್ನು ಮಾತ್ರ ಹಚ್ಚಿ, ಅದರ ಗಾಳಿಗೆ ಇನ್ನೊಂದೂ ತಿರುಗುತ್ತದಲ್ವಾ? ಇಲ್ಲಿ ಗಾಳಿಯ ಬದಲು ಎಣ್ಣೆ. ನಡುವೆ ಇನ್ನೊಂದು ಪುಟ್ಟ ಚಕ್ರ ಇರುತ್ತದೆ. ವಾಪಸ್ ಬರುವ ಎಣ್ಣೆಯನ್ನು ಅದು ಸರಿಯಾದ ಕಡೆ ತಿರುಗಿಸಿ ಕೊಡುತ್ತದೆ, ಅದರಿಂದ ಎಳೆತ ಹೆಚ್ಚುತ್ತದೆ. ಹರ್ಮನ್ ಫಾಟಿಂಗರ್ ಎಂಬ ಜರ್ಮನ್ ಎಂಜಿನಿಯರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ ಅವನ ತಲೆಯಲ್ಲಿದ್ದದ್ದು ಕಾರಲ್ಲ, ಹಡಗು.

ವ್ಯತ್ಯಾಸ ಇರುವುದು ಯಾವಾಗ ಗೇರ್ ಬದಲಿಸಬೇಕು ಎಂದು ನಿರ್ಧರಿಸುವುದರಲ್ಲಿ. ನನ್ನ ಐದು ಗೇರಿನದರಲ್ಲಿ ಅದಕ್ಕೊಂದು ಕಂಪ್ಯೂಟರ್, ಸೆನ್ಸರ್, ಸಾಲಾಗಿ ಸೊಲೆನಾಯ್ಡು ಎಂಬ ಕರೆಂಟಿನ ವಾಲ್ವುಗಳು. ನಾಲ್ಕು ಗೇರಿನ ಹಳೆಯದರಲ್ಲಿ ಅದೇನೂ ಇಲ್ಲ. ನೀವು ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಎಂದು ಒಂದು ಕೇಬಲ್ ಹೇಳುತ್ತದೆ. ಗಾಡಿ ಎಷ್ಟು ಜೋರಾಗಿ ಓಡುತ್ತಿದೆ ಎಂದು ಗವರ್ನರ್ ಎಂಬ ಭಾಗ ಹೇಳುತ್ತದೆ. ಇಬ್ಬರೂ ಹೇಳುವುದು ಎಣ್ಣೆಯ ಒತ್ತಡದ ಭಾಷೆಯಲ್ಲೇ. ಯಾರ ಒತ್ತಡ ಗೆಲ್ಲುತ್ತದೋ ಆ ಕಡೆ ವಾಲ್ವ್ ಸರಿಯುತ್ತದೆ, ಗೇರ್ ಬೀಳುತ್ತದೆ. ಅದರ ರಕ್ತವೂ ಎಣ್ಣೆ, ಮಿದುಳೂ ಎಣ್ಣೆ.

ಗೇರ್‌ಬಾಕ್ಸ್ ಹುಡುಕಿಕೊಂಡು ಒಂದು ದಿನ ಬೆಳಗಿನ ಸಿಂಹಗಡ ಎಕ್ಸ್‌ಪ್ರೆಸ್ ಹಿಡಿದು ನಾವಿಬ್ಬರೂ ಮುಂಬೈಗೆ ಹೋದೆವು. ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಹಳೇ ಕಾರಿನ ಸಾಮಾನಿನ ಅಂಗಡಿಗಳ ಸಾಲೇ ಇದೆ. ಈ ಸಿಎಸ್‌ಟಿ ರೈಲ್ವೆ ನಿಲ್ದಾಣದ್ದಲ್ಲ, ಹಿಂದೊಮ್ಮೆ ಇದ್ದ ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇಯ ಹೆಸರು. ಮರಾಠಿಯಲ್ಲಿ ಗುಜರಿಗೆ 'ಭಂಗಾರ್' ಅನ್ನುತ್ತಾರೆ. ಪುಣೆಗೆ ಬಂದ ಹೊಸದರಲ್ಲಿ ಕೈಗಾಡಿಯವನು ಬೀದಿಯಲ್ಲಿ "ಭಂಗಾರ್, ಭಂಗಾರ್" ಅಂತ ಕೂಗಿದಾಗ ನನ್ನಾಕೆ ಗಾಬರಿಯಾಗಿ, "ಹಿಂಗ ಬೀದ್ಯಾಗ ಬಂಗಾರ ಮಾರ್ತಾರೇನ್ರಿ?" ಅಂತ ಕೇಳಿದ್ದಳು. ಕುರ್ಲಾದಲ್ಲಿ ಬೆಲೆ ಕೇಳಿದ ಮೇಲೆ ಅವಳ ಮಾತೇ ಸರಿ ಅನ್ನಿಸಿತು. ಐವತ್ತೈದು ಸಾವಿರದಿಂದ ಶುರುವಾಗಿ ಮೂವತ್ತೆಂಟಕ್ಕೆ ನಿಂತಿತು, ಕನ್ವರ್ಟರ್ ಸೇರಿ.

ಬಿಚ್ಚಿಟ್ಟ ಗೇರ್‌ಬಾಕ್ಸನ್ನು ಓಡಿಸಿ ನೋಡಲು ಆಗುವುದಿಲ್ಲ. ಮಿಸ್ತ್ರಿ ಮೂರು ಪೆಟ್ಟಿಗೆಗಳ ಪ್ಯಾನ್ ಬಿಚ್ಚಿಸಿದರು. ಒಂದರಲ್ಲಿ ಲೋಹದ ಹೊಳೆಯುವ ಚೂರು, ಬೇಡ. ಇನ್ನೊಂದರಲ್ಲಿ ಎಣ್ಣೆ ಹಾಲು ಬೆರೆಸಿದ ಚಹಾ ಥರ. ರೇಡಿಯೇಟರಿನ ನೀರು ಒಳಗೆ ಹೋಗಿದೆ ಅಂದರು, ಅದೂ ಬೇಡ. ಮೂರನೆಯದರ ಎಣ್ಣೆ ಹಳೇ ಕೆಂಪು, ವಾಸನೆಯಿಲ್ಲ. ಶಾಫ್ಟ್ ಹಿಡಿದು ಅಲ್ಲಾಡಿಸಿದರು. ಪಾರ್ಕ್‌ಗೆ ಹಾಕಿ ಹಿಂದಿನ ಕೊನೆ ತಿರುಗುತ್ತದಾ ನೋಡಿದರು. ಬೆಂಡೆಕಾಯಿ ಮುರಿದು ನೋಡುವ ಹಾಗೆ ಎಲ್ಲ ನೋಡಿ, "ಇದನ್ನ ಕಟ್ಟಸ್ರಿ" ಅಂದರು.

ಹಾಗೇ ಕೂರಿಸಲಿಲ್ಲ, ಪೂರ್ತಿ ಬಿಚ್ಚಿದರು. ಹೊಸ ಸೀಲು, ಹೊಸ ಕ್ಲಚ್ ಪ್ಲೇಟು. ಒಣ ಪ್ಲೇಟು ಹಾಕಿದರೆ ಮೊದಲ ದಿನವೇ ಸುಡುತ್ತದೆ, ಅದಕ್ಕೆ ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಹಾಕಿದರು. ಬೆಳಿಗ್ಗೆ ಹೋದಾಗ ನೆನೆದ ಅವಲಕ್ಕಿ ನೋಡುವಂತೆ ಬೆರಳಿನಿಂದ ಒತ್ತಿ ನೋಡುತ್ತಿದ್ದರು.

ಆ ವಾಲ್ವುಗಳು ಕೂರುವ ವಾಲ್ವ್ ಬಾಡಿ ಬಿಚ್ಚಿದ ದಿನ ಒಂದು ಗದ್ದಲವಾಯಿತು. ಗೆದ್ದಲು ಕೊರೆದ ಹಲಗೆಯಂಥ ಅಲ್ಯೂಮಿನಿಯಂ ತಟ್ಟೆ, ತುಂಬಾ ಎಣ್ಣೆಯ ಓಣಿಗಳು. ಅಲ್ಲಲ್ಲಿ ಮೆಣಸಿನ ಕಾಳಿನಷ್ಟು ಉಕ್ಕಿನ ಗುಂಡು. ಗುಂಡುಗಳನ್ನು ಒಂದು ಸ್ಟೀಲ್ ತಾಟಿನಲ್ಲಿ ಇಟ್ಟಿದ್ದರು. ಹುಡುಗ ತಾಟು ಸರಿಸಿದ, ಟಿಣ್ ಅಂತ ಸದ್ದಾಯಿತು. ಎಣಿಸಿದರೆ ಒಂದು ಕಡಿಮೆ. ಮಿಸ್ತ್ರಿ ಬೈಯಲಿಲ್ಲ. ಶಟರ್ ಅರ್ಧ ಎಳೆದು, "ಇದು ಸಿಗೂತನಾ ಯಾರೂ ಹೊರಗ ಹೋಗೂದಿಲ್ಲ" ಅಂದರು, ನನ್ನನ್ನೂ ಸೇರಿಸಿ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಕೋಲಿಗೆ ಕಟ್ಟಿ ನೆಲವನ್ನೆಲ್ಲಾ ಗುಡಿಸಿದೆವು. ನಟ್ಟು, ಮೊಳೆ, ಯಾರದೋ ಕಳೆದ ಕೀ ಸಿಕ್ಕಿತು. ಗುಂಡು ಸಿಗಲಿಲ್ಲ. ಮುಕ್ಕಾಲು ಗಂಟೆಯ ನಂತರ ಕಂಪ್ರೆಸರ್ ಕೆಳಗಿನ ಎಣ್ಣೆ ಮಣ್ಣಿನಲ್ಲಿ ಟಕ್ ಅಂತ ಅಂಟಿಕೊಂಡಿತು. ಆ ಹುಡುಗ ಅವತ್ತು ಮಧ್ಯಾಹ್ನ ಎರಡು ರೊಟ್ಟಿ ಜಾಸ್ತಿ ತಿಂದ.

ಕೂರಿಸುವಾಗ ಕನ್ವರ್ಟರ್ ಒಂದಕ್ಕೇ ಅವರು ಅರ್ಧ ತಾಸು ತೆಗೆದುಕೊಂಡರು. ಅದನ್ನು ಶಾಫ್ಟಿನ ಮೇಲೆ ಇಟ್ಟು, ಒತ್ತುತ್ತಾ ತಿರುಗಿಸುತ್ತಾ ಹೋಗಬೇಕು. ಮೂರು ಸಲ ಒಳಗೆ ಬೀಳಬೇಕು. ಟಕ್ ಅಂದರೆ ಒಂದು. ಮತ್ತೆ ಟಕ್, ಎರಡು. ಅಲ್ಲಿಗೇ ಕೂತಿತು ಅಂತ ಅನ್ನಿಸುತ್ತದೆ. ಹಾಗಂದುಕೊಂಡು ಬೋಲ್ಟ್ ಬಿಗಿದರೆ ಪಂಪು ಒಡೆಯುತ್ತದೆ, ಇಡೀ ಕೆಲಸ ನೀರಿನಲ್ಲಿ ಹೋಮ. ನನ್ನ ಕೈಯನ್ನೂ ಮೇಲಿಟ್ಟುಕೊಂಡರು. ಮೂರನೆಯ ಟಕ್ ಕಿವಿಗಿಂತ ಮೊದಲು ಅಂಗೈಗೆ ಗೊತ್ತಾಯಿತು. ಆಮೇಲೆ ಚೈನ್ ಕುಪ್ಪಿಗೆ, ಅಂದರೆ ಭಾರ ಎತ್ತುವ ಚೈನಿನ ರಾಟೆಗೆ, ತೂಗುಹಾಕಿ, ಕೆಳಗೆ ಜಾಕ್ ಕೊಟ್ಟು ಮೇಲೆತ್ತಿದರು.

ಉಳಿದದ್ದು ಹೊಂದಿಸುವ ಕೆಲಸ. ನಾಲ್ಕು ಗೇರಿನ ಪೆಟ್ಟಿಗೆ ಎರಡು ಬೆರಳು ಗಿಡ್ಡ, ಲೇತಿನವನ ಹತ್ತಿರ ಹಿಂದಿನ ಚಕ್ರದ ಕಡೆ ಹೋಗುವ ಶಾಫ್ಟ್ ಉದ್ದ ಮಾಡಿಸಿ ಬ್ಯಾಲೆನ್ಸ್ ಮಾಡಿಸಿದ್ದಾಯಿತು. ಅಡಿಯ ಪಟ್ಟಿಗೆ ಹೊಸ ತೂತು ಕೊರೆದರು. ಪಾರ್ಕ್, ನ್ಯೂಟ್ರಲ್ ಬಿಟ್ಟು ಬೇರೆಲ್ಲೂ ಸ್ಟಾರ್ಟ್ ಆಗದಂತೆ ಸ್ವಿಚ್ಚಿನ ವೈರು ಜೋಡಿಸಿದರು. ರೇಡಿಯೇಟರಿನೊಳಗೆ ಗೇರ್‌ಬಾಕ್ಸಿನ ಎಣ್ಣೆ ತಣಿಸುತ್ತಿದ್ದ ಹಳೇ ಕೂಲರನ್ನು ಮಾತ್ರ ಮುಚ್ಚಿಯೇಬಿಟ್ಟರು. ಅದರಲ್ಲಿ ಕೂತ ಹಳೇ ಕಾಡಿಗೆ ತೊಳೆದರೂ ಪೂರ್ತಿ ಹೋಗುವುದಿಲ್ಲ, ಹೊಸದನ್ನೂ ತಿನ್ನುತ್ತದೆ ಅಂದರು. ಮುಂದಿನ ಜಾಲರಿಯ ಹಿಂದೆ ಬೇರೆ ಕೂಲರ್ ಬಂತು. ಗೇರ್‌ಬಾಕ್ಸ್ ಸಾಯುವುದು ವಯಸ್ಸಿನಿಂದ ಅಲ್ಲ, ಕಾವಿನಿಂದ ಅನ್ನುವುದು ಅವರ ನಂಬಿಕೆ. ನನ್ನದರ ಮಟ್ಟಿಗೆ ಅದು ಖರೆ.

ಎಲ್ಲ ಸೇರಿ ತೊಂಬತ್ತೊಂದು ಸಾವಿರ, ಇಪ್ಪತ್ತಾರು ದಿನ. ಫೋನಿನಲ್ಲಿ ಧಾರವಾಡದ ತಂಗಿಗೆ ನನ್ನಾಕೆ ಹೇಳುತ್ತಿದ್ದಳು: "ಊರೆಲ್ಲಾ ಸುತ್ತಿ ಹಳೇ ಗಂಡನ ಪಾದವೇ ಗತಿ ಅಂದಂಗ ಆತು ನೋಡವಾ."

ಟ್ರಯಲ್‌ಗೆಂದು ಮೊದಲು ಮೋಶಿ ರಸ್ತೆಯಲ್ಲಿ ಓಡಿಸಿದೆವು. ಎರಡನೇ ಗೇರಿಗೆ ಬೀಳುವಾಗ ಎಂಜಿನ್ ಒಂದು ಕ್ಷಣ ಜಾರುತ್ತಿತ್ತು. ಮಿಸ್ತ್ರಿ ಬಾನೆಟ್ ಎತ್ತಿ ಕೇಬಲ್ಲಿನ ನಟ್ಟನ್ನು ಅರ್ಧ ಸುತ್ತು ಬಿಗಿದರು. ಕೇಬಲ್ ಸಡಿಲ ಇದ್ದರೆ ಎಣ್ಣೆಯ ಒತ್ತಡ ಸಾಲದೆ ಪ್ಲೇಟು ಜಾರಿ ಸುಡುತ್ತದಂತೆ. ಅಷ್ಟೇ. ಕಂಪ್ಯೂಟರ್ ಹಚ್ಚಿ ಕೋಡ್ ಓದುವುದು ಯಾವುದೂ ಇಲ್ಲ.

ಮುಂದಿನ ಭಾನುವಾರ ಖಂಬಾಟ್ಕಿ. ನಾನು ಓಡಿಸುತ್ತಿದ್ದೆ, ನನ್ನಾಕೆ ಪಕ್ಕದಲ್ಲಿ, ಮಿಸ್ತ್ರಿ ಹಿಂದೆ. ಆ ತಿರುವು ಬಂದಾಗ ಮೂವರೂ ಸುಮ್ಮನಾದೆವು. ಎರಡನೇ ಗೇರಿನಲ್ಲಿ ಕಾರು ಗೊಣಗುತ್ತಾ ಹತ್ತಿತು. ಮೇಲೆ ನಿಲ್ಲಿಸಿ, ಎಂಜಿನ್ ಆರಿಸದೆ, ಮಿಸ್ತ್ರಿ ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿದರು. ಕುಂಕುಮದ ನೀರಿನಂಥ ಕೆಂಪು. ಬಟ್ಟೆಯನ್ನು ನನಗೆ ಕೊಟ್ಟರು, ಅವರೇನೂ ಹೇಳಲಿಲ್ಲ. ನಾನು ವಾಸನೆ ನೋಡಿದೆ. ನನ್ನಾಕೆಯೂ ನೋಡಿದಳು.

ಘಾಟು ಇಳಿದು ಸಾತಾರಾದ ಬಯಲಿಗೆ ಬಂದೆವು. ಎಂಬತ್ತು, ತೊಂಬತ್ತು. ಮುಳ್ಳು ಮೂರು ಸಾವಿರದಲ್ಲೇ ನಿಂತಿದೆ, ಎಂಜಿನ್ ಸದ್ದು ಜಾಸ್ತಿ. ಪೆಟ್ರೋಲ್ ಕುಡಿಯುತ್ತದೆ, ಲೀಟರಿಗೆ ಒಂಬತ್ತು ಕೊಡುತ್ತಿದ್ದದ್ದು ಏಳೂವರೆಗೆ ಬರುತ್ತದೆ ಅಂತ ಮೊದಲೇ ಹೇಳಿದ್ದರು. ಆದರೂ ನನ್ನ ಕಿವಿ ಕಾಯುತ್ತಿತ್ತು. ಹನ್ನೊಂದು ವರ್ಷದ ಅಭ್ಯಾಸ, ಇಷ್ಟು ಹೊತ್ತಿಗೆ ಇನ್ನೊಂದು ಗೇರ್ ಬಿದ್ದು ಸದ್ದು ತಗ್ಗಬೇಕು. ಕಾಲು ಸ್ವಲ್ಪ ಎತ್ತಿದೆ. ಮತ್ತೆ ಒತ್ತಿದೆ. ಮತ್ತೆ ಎತ್ತಿದೆ.

ಹಿಂದೆ ನಿದ್ದೆ ಹೋಗಿದ್ದಾರೆ ಅಂದುಕೊಂಡಿದ್ದ ಮಿಸ್ತ್ರಿ ಕಣ್ಣು ಬಿಡದೆಯೇ ಹೇಳಿದರು.

"ಸರ, ಐದನೇದು ಬರಂಗಿಲ್ರಿ. ನಾಕಕ್ಕ ಮುಗೀತು."