‘ಆ ಟ್ಯೂಬ್ ಪೆಟ್ಟಿಗೆ ಏಕೆ ಬೇಕು?’ ಎಂದು ಕೇಳುವವರಿಗೆ

ಕಾರ್ಯಕ್ರಮ ಮುಗಿದು ವೈರುಗಳನ್ನು ಸುತ್ತುತ್ತಿರುವಾಗ ಯಾರಾದರೊಬ್ಬರು ವೇದಿಕೆಯ ಹತ್ತಿರ ಬಂದೇ ಬರುತ್ತಾರೆ. ನನ್ನ ಬೇಸ್ ಗಿಟಾರಿನ ಪಕ್ಕದಲ್ಲಿರುವ ಭಾರದ ಪೆಟ್ಟಿಗೆಯನ್ನು, ಅಂದರೆ ಗಿಟಾರಿನ ಸಣ್ಣ ಸಂಕೇತವನ್ನು ಗಾಜಿನ ಕೊಳವೆಯಿಂದ (ಟ್ಯೂಬ್) ಹಿಗ್ಗಿಸುವ ಟ್ಯೂಬ್ ಪ್ರಿಆಂಪನ್ನು ನೋಡಿ, “ಇದನ್ನು ಏಕೆ ಹೊತ್ತು ತರುತ್ತೀರಿ? ಅಂಗೈಯಗಲದ ಪೆಡಲ್ ಸಾಲದೇ? ಟ್ಯೂಬ್ ಪ್ರಿಆಂಪ್ ಇದ್ದರೆ ಬೇಸ್ ಜಾಸ್ತಿ ಆಗುತ್ತದೆಯೇ?” ಎಂದು ಕೇಳುತ್ತಾರೆ. ಕಳೆದ ತಿಂಗಳು ಬಸವನಗುಡಿಯಲ್ಲಿ ಕೇಳಿದವನು ಒಬ್ಬ ಕಾಲೇಜು ಹುಡುಗ. ಅವನಿಗೆ ನಿಂತ ಕಾಲಿನಲ್ಲಿ ಅರ್ಧ ಉತ್ತರ ಹೇಳಿದೆ. ಉಳಿದರ್ಧವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಟ್ಯೂಬಿನಿಂದ ಬೇಸ್ ಜಾಸ್ತಿ ಆಗುವುದಿಲ್ಲ. ಜಾಸ್ತಿ ಆಗುವುದು ಅದರ ಮೇಲಿನ ಸ್ಥಾಯಿಯ ನಾದ. ಇದನ್ನು ನನಗೆ ಮನದಟ್ಟು ಮಾಡಿದವರು ಮಲ್ಲೇಶ್ವರದಲ್ಲಿರುವ ನನ್ನ ಸೋದರತ್ತೆ. ಗಣೇಶೋತ್ಸವದಲ್ಲಿ ನಾವು ನಡೆಸಿದ ವಾದ್ಯಗೋಷ್ಠಿಯ ವಿಡಿಯೊವನ್ನು ಅವರು ಮೊಬೈಲಿನಲ್ಲಿ ಪೂರ್ತಿ ನೋಡಿ, “ತಬಲಾ ಕೇಳಿಸುತ್ತದೆ, ಕೀಬೋರ್ಡ್ ಕೇಳಿಸುತ್ತದೆ. ನಿನ್ನ ಬೆರಳು ಆಡುವುದು ಕಾಣಿಸುತ್ತದೆ, ಆದರೆ ನೀನು ನುಡಿಸಿದ್ದು ಎಲ್ಲಿ ಹೋಯಿತು?” ಎಂದರು. ಅಂದು ನಾನು ಗಿಟಾರನ್ನು ನೇರವಾಗಿ ಮಿಕ್ಸರಿಗೆ ಸೇರಿಸಿದ್ದೆ.

ಬೇಸ್ ಗಿಟಾರಿನ ಅತಿ ದಪ್ಪ ತಂತಿ, ಅಂದರೆ ಇ ತಂತಿ, ಸೆಕೆಂಡಿಗೆ 41.2 ಬಾರಿ ಕಂಪಿಸುತ್ತದೆ. ಅಷ್ಟು ಕೆಳಗಿನ ನಾದವನ್ನು ಹೊರಡಿಸುವ ಶಕ್ತಿ ಮೊಬೈಲಿನ ಪುಟ್ಟ ಸ್ಪೀಕರಿಗೆ ಇಲ್ಲ. ನಾನು ಈ ಲೆಕ್ಕವನ್ನೆಲ್ಲ ವಿವರಿಸತೊಡಗಿದಾಗ ಅತ್ತೆ ಎದ್ದು ಹೋಗಿ ಮೂಲೆಯಲ್ಲಿದ್ದ ತಂಬೂರಿಯನ್ನು ತಂದರು. ತಂತಿಗಳನ್ನು ಹೊತ್ತ ‘ಕುದುರೆ’ಯ ಮೇಲಿನ ದಾರವನ್ನು ಸರಿಸಿಟ್ಟು ಮಂದ್ರ ಷಡ್ಜವನ್ನು ಮೀಟಿದರು. ಮೊಂಡು ಸದ್ದು. ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಜರುಗಿಸುತ್ತ ಮೀಟುತ್ತಾ ಹೋದರು. ಒಂದು ಜಾಗಕ್ಕೆ ಬಂದಾಗ ಅದೇ ತಂತಿ ಝೇಂಕರಿಸಿತು. ಮೇಲಿನ ಷಡ್ಜ, ಅದರಾಚೆಯ ಪಂಚಮ, ಇನ್ನೂ ಕಿವಿಗೊಟ್ಟರೆ ಅಂತರ ಗಾಂಧಾರ, ಎಲ್ಲವೂ ಆ ಒಂದು ತಂತಿಯಿಂದಲೇ ಹೊಮ್ಮಿದವು. ಅಡುಗೆಮನೆಯಲ್ಲಿದ್ದವರಿಗೂ ಕೇಳಿಸಿತು. “ತಂತಿಗೆ ಜೀವ ಬೇಕಪ್ಪ” ಎಂದರು. ಆ ದಾರದ ಹೆಸರೇ ಜೀವ.

ಟ್ಯೂಬ್ ಮಾಡುವ ಕೆಲಸವೂ ಇದಕ್ಕೆ ಬಹಳ ಹತ್ತಿರದ್ದು. ಪ್ರಿಆಂಪ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 12ಎಎಕ್ಸ್7 ಎಂಬ ಟ್ಯೂಬ್. ಯುರೋಪಿನಲ್ಲಿ ಅದರ ಹೆಸರು ಇಸಿಸಿ83. ಹೆಬ್ಬೆರಳಿನಷ್ಟು ಗಾಜಿನ ಕೊಳವೆ, ಕೆಳಗೆ ಒಂಬತ್ತು ಪಿನ್ನುಗಳು, ಒಳಗೆ ಎರಡು ಟ್ರಯೋಡ್‌ಗಳು. ಹೀಟರ್ ಕಾದಾಗ ಕ್ಯಾಥೋಡಿನಿಂದ ಎಲೆಕ್ಟ್ರಾನ್‌ಗಳು ಹೊರಟು ಪ್ಲೇಟಿನತ್ತ ಹರಿಯುತ್ತವೆ. ನಡುವಿನ ಗ್ರಿಡ್ಡಿಗೆ ಗಿಟಾರಿನ ಸಣ್ಣ ಸಂಕೇತವನ್ನು ಕೊಟ್ಟರೆ ಆ ಹರಿವು ಅದರಂತೆಯೇ ಹೆಚ್ಚುಕಡಿಮೆಯಾಗುತ್ತದೆ. ಹೀಗೆ ಹಿಗ್ಗಿಸುವಾಗ ಟ್ಯೂಬ್ ಅಲೆಯ ಎರಡು ಮಗ್ಗುಲುಗಳನ್ನು ಒಂದೇ ರೀತಿ ಹಿಗ್ಗಿಸುವುದಿಲ್ಲ. ಒಂದು ಮಗ್ಗುಲು ಸ್ವಲ್ಪ ಹೆಚ್ಚು ದುಂಡಗಾಗುತ್ತದೆ. ಅದರಿಂದ 41.2ರ ಜೊತೆಗೆ 82.4 ಹರ್ಟ್ಸ್, ಅಂದರೆ ಒಂದು ಸ್ಥಾಯಿ ಮೇಲಿನ ಅದೇ ಸ್ವರ, ಎದ್ದು ಬರುತ್ತದೆ. ಇನ್ನೂ ಜೋರಾಗಿ ದೂಡಿದರೆ 123.6ರಲ್ಲಿ ಅದರ ಪಂಚಮವೂ, ಮತ್ತೂ ಮೇಲಿನವೂ ಸೇರಿಕೊಳ್ಳುತ್ತವೆ. ಮೇಲಿನ ಈ ನಾದಗಳು ಕಿವಿಗೆ ಬಿದ್ದರೆ ಸಾಕು, ಸ್ಪೀಕರ್ ಹೊರಡಿಸದ ಕೆಳಗಿನ ಸ್ವರವನ್ನು ಮಿದುಳು ತಾನಾಗಿ ತುಂಬಿಕೊಳ್ಳುತ್ತದೆ.

ಎರಡನೆಯ ಕಾರಣ ಬೆರಳಿಗೆ ಸಂಬಂಧಿಸಿದ್ದು, ನನಗೆ ಇದೇ ಹೆಚ್ಚು ಮುಖ್ಯ. ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂದು ಹೊಂದಿಸುವ ಗೇನ್ ಗುಂಡಿಯನ್ನು ನಿಧಾನವಾಗಿ ಏರಿಸುತ್ತ ಇ ತಂತಿಯನ್ನು ನನ್ನ ಪೂರ್ಣ ಬಲದಿಂದ ಮೀಟುತ್ತೇನೆ. ಸದ್ದಿನ ಅಂಚು ತುಸು ಒರಟಾಗುವ ಜಾಗದಲ್ಲಿ ನಿಲ್ಲಿಸುತ್ತೇನೆ. ಆಮೇಲೆ ಮೆಲ್ಲಗೆ ಮೀಟಿದರೆ ಸ್ವಚ್ಛವಾದ ದುಂಡು ಸ್ವರ, ಬಲವಾಗಿ ಮೀಟಿದರೆ ಗುಟುರು. ಮೀಟಿದ ಕ್ಷಣದ ಪೆಟ್ಟು ಸ್ವಲ್ಪ ತಗ್ಗಿ, ಅದರ ಹಿಂದಿನ ಸ್ವರ ಹೆಚ್ಚು ಹೊತ್ತು ನಿಂತಂತೆ ಕೇಳಿಸುತ್ತದೆ. ಭಾವಗೀತೆಯ ಪಲ್ಲವಿಯಲ್ಲಿ ಒಂದು ಬಣ್ಣ, ಚರಣದ ಏರಿನಲ್ಲಿ ಇನ್ನೊಂದು ಬಣ್ಣ. ಇದಕ್ಕೆ ಕಾಲಿನಿಂದ ಯಾವ ಸ್ವಿಚ್ಚನ್ನೂ ಒತ್ತಬೇಕಾಗಿಲ್ಲ.

ನಮ್ಮ ಊರಿಗೆ ಈ ಗಾಜಿನ ಕೊಳವೆ ಹೊಸತಲ್ಲ. 1954ರಲ್ಲಿ ಆರಂಭವಾದ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1960ರ ದಶಕದಲ್ಲಿ ರೇಡಿಯೊ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಹಳಬರು ಇಂದಿಗೂ ಟ್ಯೂಬ್ ಎನ್ನುವುದಿಲ್ಲ, ವಾಲ್ವ್ ಎನ್ನುತ್ತಾರೆ. ಈಗ ನಮಗೆ ಸಿಗುವ ಹೊಸ ಟ್ಯೂಬುಗಳು ರಷ್ಯಾ, ಸ್ಲೊವಾಕಿಯಾ, ಚೀನಾಗಳಿಂದ ಬರುತ್ತವೆ. ನಮ್ಮ ಊರಿನಲ್ಲೇ ಆಗುತ್ತಿದ್ದ ಕೆಲಸ ಎಂದು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಟ್ಯೂಬ್ ಪೆಟ್ಟಿಗೆಗೆ ಗುಂಯ್‌ಗುಡುವಿಕೆಯ ಕಾಟವೂ ಉಂಟು, ಅದನ್ನು ಮುಚ್ಚಿಡಬಾರದು. ಒಂದು ಕಲ್ಯಾಣ ಮಂಟಪದಲ್ಲಿ ಅರ್ಥಿಂಗ್ ಸರಿಯಿರಲಿಲ್ಲ. ನಮ್ಮ ಕರೆಂಟು 50 ಹರ್ಟ್ಸಿನದು. ಇ ತಂತಿಯ ಮೂರನೆಯ ಫ್ರೆಟ್ಟಿನಲ್ಲಿ ಬರುವ ಜಿ ಸ್ವರ 49 ಹರ್ಟ್ಸಿನದು. ಆ ಸ್ವರದಲ್ಲಿ ನಿಂತಾಗಲೆಲ್ಲ ಎರಡೂ ಒಂದಕ್ಕೊಂದು ತಿಕ್ಕಾಡಿ, ಸೆಕೆಂಡಿಗೊಮ್ಮೆ ಸದ್ದು ಉಬ್ಬಿ ಇಳಿಯುತ್ತಿತ್ತು. ಹಾಡು ಜಿ ಶ್ರುತಿಯಲ್ಲೇ ಇತ್ತು. ಮಿಕ್ಸರ್ ಇರುವ ಪ್ಲಗ್ ಪಾಯಿಂಟಿನಿಂದಲೇ ಕರೆಂಟು ತೆಗೆದುಕೊಂಡು, ಮಿಕ್ಸರಿಗೆ ಹೋಗುವ ಡಿಐ ಔಟ್‌ಪುಟ್ಟಿನ ಗ್ರೌಂಡ್ ಲಿಫ್ಟ್ ಗುಂಡಿಯನ್ನು (ಅದು ಆ ಸಂಕೇತದ ವೈರಿನ ಗ್ರೌಂಡ್ ಸಂಪರ್ಕವನ್ನಷ್ಟೇ ಕಡಿಯುತ್ತದೆ) ಒತ್ತಿದ ಮೇಲೆ ಹದಕ್ಕೆ ಬಂತು. ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ನನ್ನು ಕಿತ್ತುಹಾಕುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ಪ್ಲೇಟಿಗೆ ಹೋಗುವ ವಿದ್ಯುತ್ತು 250ರಿಂದ 300 ವೋಲ್ಟ್ ಇರುತ್ತದೆ, ನಿಮ್ಮ ಕೈ ಲೋಹದ ತಂತಿಯ ಮೇಲಿರುತ್ತದೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ವಿದ್ಯುತ್ತು ಉಳಿದಿರಬಹುದಾದ್ದರಿಂದ ಪೆಟ್ಟಿಗೆಯನ್ನು ಬಿಚ್ಚುವ ಕೆಲಸ ತಿಳಿದವರದೇ.

ಹಾಗಾದರೆ ಕೊಳ್ಳಬೇಕೇ? ತಂತಿಗಳು ತುಕ್ಕು ಹಿಡಿದಿದ್ದರೆ ಮೊದಲು ಅವನ್ನು ಬದಲಿಸಿ. ಮನೆಯಲ್ಲಿ ಹೆಡ್‌ಫೋನಿನಲ್ಲಿ ನುಡಿಸಿ ಕಂಪ್ಯೂಟರಿನಲ್ಲಿ ಮುದ್ರಿಸುವವರಿಗೆ ಟ್ಯೂಬನ್ನು ಅನುಕರಿಸುವ ಸಾಫ್ಟ್‌ವೇರ್ ಸಾಕು, ನಾನೂ ಬಳಸುತ್ತೇನೆ. ಆದರೆ ಕೊಂಡರೆ ಸರಿಯಾದದ್ದನ್ನೇ ಕೊಳ್ಳಿ. ಕೆಲವು ಅಗ್ಗದ ಪೆಡಲ್‌ಗಳಲ್ಲಿ ಟ್ಯೂಬಿಗೆ ಕೆಲವೇ ವೋಲ್ಟ್ ಕೊಟ್ಟು, ಅದರ ಹಿಂದೆ ಕಿತ್ತಳೆ ಬಣ್ಣದ ಎಲ್‌ಇಡಿ ಇಟ್ಟಿರುತ್ತಾರೆ. ನಿಜವಾದ ಹೀಟರಿನ ಬೆಳಕು ಮಂಕಾಗಿರುತ್ತದೆ. ಪ್ಲೇಟ್ ವೋಲ್ಟೇಜ್ ಎಷ್ಟು ಎಂದು ಅಂಗಡಿಯವರನ್ನು ಕೇಳಿ, ನಾಚಿಕೊಳ್ಳಬೇಡಿ.

ಆ ಕಾಲೇಜು ಹುಡುಗನಿಗೆ ಈ ಭಾನುವಾರ ಬೆಳಿಗ್ಗೆ ಬರಲು ಹೇಳಿದ್ದೇನೆ. ತನ್ನದೇ ಗಿಟಾರನ್ನು ತರುತ್ತಾನೆ. ಒಂದೇ ಸಾಲನ್ನು ಒಮ್ಮೆ ನೇರವಾಗಿ, ಒಮ್ಮೆ ಪೆಟ್ಟಿಗೆಯ ಮೂಲಕ ನುಡಿಸಿ ಮುದ್ರಿಸಿಕೊಂಡು, ಎರಡನ್ನೂ ಅವನ ಮೊಬೈಲಿನಲ್ಲೇ ಕೇಳುತ್ತೇವೆ. ಅತ್ತೆಯನ್ನೂ ಕರೆದಿದ್ದೇನೆ.