ಮೊಟ್ಟೆ ಬಿದ್ದ ವಾರ

ಮಡಿಕೇರಿಯ ಅಂಗಡಿಗಳು ಬೇಗ ಏಳುವುದಿಲ್ಲ. ಆಗಸ್ಟ್ ತಿಂಗಳ ಬೆಳಗಿನ ಆರು ಗಂಟೆಗೆ ಬಸ್ ನಿಲ್ದಾಣದ ಪಕ್ಕದ ಒಂದೆರಡು ಹೋಟೆಲು, ಹಾಲಿನ ಬೂತು, ಕೊಡೆ ಹಿಡಿದು ಪತ್ರಿಕೆ ಹಂಚುವ ಹುಡುಗರು, ಇಷ್ಟು ಬಿಟ್ಟರೆ ಊರಿಗೆ ಇನ್ನೂ ರಾತ್ರಿಯೇ. ಇದು ಇಲ್ಲಿನ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ 2022ರ ಆಗಸ್ಟ್ 25ರ ಗುರುವಾರ ಬೆಳಿಗ್ಗೆ ಆರಕ್ಕೆ ಮಂಜಿನಲ್ಲಿ ನಿಂತು ಮುಚ್ಚಿದ ಶಟರ್‌ಗಳನ್ನು ಒಂದೊಂದಾಗಿ ಚಿತ್ರೀಕರಿಸಿಕೊಂಡೆ. ಬೆಂಗಳೂರಿನ ಡೆಸ್ಕ್ ಕೇಳಿದ್ದು ‘ಸ್ತಬ್ಧ ಮಡಿಕೇರಿ’ಯ ದೃಶ್ಯ. ಒಂಬತ್ತು ಗಂಟೆಗೆ ಹೋದರೆ ಸ್ತಬ್ಧತೆ ಸಿಗುವುದಿಲ್ಲ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಗ ನಾನು ಒಂದು ಸುದ್ದಿವಾಹಿನಿಗೆ ಕೊಡಗಿನ ಸ್ಟ್ರಿಂಗರ್ ಆಗಿದ್ದೆ. ಸ್ಟ್ರಿಂಗರ್ ಎಂದರೆ ಸಂಬಳವಿಲ್ಲ, ರಜೆಯಿಲ್ಲ, ಗುರುತಿನ ಚೀಟಿ ಮಾತ್ರ ಇದೆ. ಪ್ರಸಾರವಾದ ಸುದ್ದಿಗೆ ಇಂತಿಷ್ಟು ಎಂದು ಲೆಕ್ಕ. ಆಗದಿದ್ದರೆ ಪೆಟ್ರೋಲಿನ ದುಡ್ಡೂ ನಮ್ಮದೇ. ಮೂರ್ನಾಡಿನ ಕಡೆ ಒಂದಿಷ್ಟು ಕಾಫಿ ಇದ್ದುದರಿಂದ ನನ್ನ ಊಟಕ್ಕೆ ತೊಂದರೆಯಿರಲಿಲ್ಲ. ಆದರೆ ಮೈಕಿನ ಮೇಲಿನ ಲೋಗೋ ಕಂಡಕೂಡಲೇ ಪೊಲೀಸರು ದಾರಿ ಬಿಡುತ್ತಾರಲ್ಲ, ಆ ಸುಖಕ್ಕೆ ಮನಸ್ಸು ಒಗ್ಗಿಹೋಗಿತ್ತು.

ಒಂದು ವಾರದ ಹಿಂದಿನಿಂದ ಹೇಳಬೇಕು. ಆಗಸ್ಟ್ 18ರಂದು, ಅದೂ ಗುರುವಾರವೇ, ಆಗ ವಿಧಾನಸಭೆಯ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಮಳೆ ಹಾನಿ ನೋಡಲು ಕೊಡಗಿಗೆ ಬಂದಿದ್ದರು. ಸ್ವಾತಂತ್ರ್ಯ ದಿನದಂದು ಶಿವಮೊಗ್ಗದಲ್ಲಿ ಸಾವರ್ಕರ್ ಚಿತ್ರದ ಬಗ್ಗೆ ಎದ್ದ ಗಲಾಟೆ, ಅದರ ಬಗ್ಗೆ ಅವರು ಆಡಿದ ಮಾತು, ಎರಡರ ಸಿಟ್ಟೂ ಇಲ್ಲಿ ಕಾದು ಕುಳಿತಿತ್ತು. ಕಪ್ಪು ಬಾವುಟ ತೋರಿಸಿದರು, ಕಾರಿಗೆ ಮೊಟ್ಟೆ ಎಸೆದರು. ಮೊಟ್ಟೆಯ ದೃಶ್ಯ ನನ್ನ ಕ್ಯಾಮೆರಾಕ್ಕೆ ಸಿಕ್ಕಿರಲಿಲ್ಲ. ಯಾರದೋ ಮೊಬೈಲಿನದ್ದು ಕೈಯಿಂದ ಕೈಗೆ ದಾಟಿ ನನಗೆ ಬರುವ ಮೊದಲೇ ಡೆಸ್ಕಿಗೆ ತಲುಪಿತ್ತು. ಸಂಜೆ ಹೋಟೆಲಿನಲ್ಲಿ ಒಂದು ಕಾಫಿ ಮುಗಿಸುವಷ್ಟರಲ್ಲಿ ಆ ಮೊಟ್ಟೆ ಹನ್ನೊಂದು ಸಲ ಬಿತ್ತು, ನಾನು ಎಣಿಸಿದೆ. ನಿಧಾನವಾಗಿ ಬಿತ್ತು, ಕೆಂಪು ವೃತ್ತದೊಳಗೆ ಬಿತ್ತು, ಒಡೆದದ್ದು ಹಿಂದಕ್ಕೆ ಹೋಗಿ ಮತ್ತೆ ಬಿತ್ತು.

ಆ ಮಳೆಗಾಲದಲ್ಲಿ ನಾನು ಬರೆದು ಬರೆದು ಸೋತಿದ್ದ ಸುದ್ದಿ ಬೇರೆಯದು. ಜಿಲ್ಲಾಧಿಕಾರಿ ಕಚೇರಿಯ ಗುಡ್ಡ ಜಾರದಿರಲೆಂದು ಮಂಗಳೂರು ರಸ್ತೆಯ ಬದಿಗೆ ಎತ್ತರದ ತಡೆಗೋಡೆ ಕಟ್ಟಿದ್ದರು. ಕಟ್ಟಿ ಹೆಚ್ಚು ಕಾಲವಾಗಿರಲಿಲ್ಲ, ಮಳೆಗೆ ಅದರ ಹೊಟ್ಟೆ ಮುಂದೆ ಬಂತು. ಮೇಲೆ ಪ್ಲಾಸ್ಟಿಕ್ ಹೊದಿಸಿದರು, ಬುಡಕ್ಕೆ ಮರಳು ಚೀಲ ಪೇರಿಸಿದರು, ಕೆಳಗಿನ ರಸ್ತೆಯಲ್ಲಿ ವಾಹನ ನಿಲ್ಲಿಸಿದರು. ಜಿಲ್ಲೆಯನ್ನೇ ಕಾಯಬೇಕಾದ ಕಚೇರಿಗೆ ಟಾರ್ಪಾಲಿನ ಆಸರೆ! 2018ರ ಆಗಸ್ಟ್ ಕಂಡ ನಮಗೆ, ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಹರಿದು ಹೋದದ್ದನ್ನು ಕಣ್ಣಾರೆ ನೋಡಿದವರಿಗೆ, ಅದಕ್ಕಿಂತ ದೊಡ್ಡ ಸುದ್ದಿ ಯಾವುದು? ಡೆಸ್ಕಿನ ಉತ್ತರ ಒಂದೇ: ‘ಬಿದ್ದರೆ ಹೇಳು.’ ಗೋಡೆ ಕೊನೆಗೂ ಬೀಳಲಿಲ್ಲ. ಮೊಟ್ಟೆ ಬಿತ್ತು.

ಮುಂದಿನ ನಾಲ್ಕೈದು ದಿನ ಮೊಟ್ಟೆ ಮರಿ ಹಾಕಿತು. ಎಸೆದವನು ಯಾವ ಪಕ್ಷದವನು ಎಂದು ಒಂದು ಸಂಜೆ ಚರ್ಚೆ. ಕೊಡ್ಲಿಪೇಟೆಯ ಬಸವೇಶ್ವರ ದೇವಸ್ಥಾನಕ್ಕೆ ನಾಯಕರು ಮಾಂಸ ತಿಂದು ಹೋದರೇ ಇಲ್ಲವೇ ಎಂದು ಮತ್ತೆರಡು ಸಂಜೆ. ಕೊಡವರ ಹಬ್ಬ ಕೈಲ್ ಪೊಳ್ದ್‌ಗೆ ಹತ್ತು ದಿನವಿದೆ, ಅರ್ಧ ಕೊಡಗು ಹಂದಿ ಮಾಂಸಕ್ಕೆ ಹೇಳಿ ಇಟ್ಟಿದೆ, ಅಂಥ ಊರಿನ ಹೆಸರಿನಲ್ಲಿ ಈ ಚರ್ಚೆ! ಮಳೆ ಹಾನಿ ಎಂಬ ಎರಡು ಪದ ಯಾವ ಸಂಜೆಯೂ ಯಾರ ಬಾಯಿಂದಲೂ ಬರಲಿಲ್ಲ. ಬೆಂಗಳೂರಿನವರನ್ನು ಬೈಯುವುದು ಸುಲಭ. ನಿಂತುಹೋಗಿದ್ದ ಸುದ್ದಿವಾಹಿನಿಗಳ ರೇಟಿಂಗ್ ಸುಮಾರು ಒಂದೂವರೆ ವರ್ಷದ ನಂತರ ಅದೇ ಮಾರ್ಚ್‌ನಲ್ಲಿ ಮತ್ತೆ ಶುರುವಾಗಿತ್ತು. ವಾರದ ರೇಟಿಂಗ್ ಹೊರಬೀಳುವ ಗುರುವಾರ ಬಂತೆಂದರೆ ಫೋನಿನ ಆ ಬದಿಯ ದನಿಯಲ್ಲೇ ಗೊತ್ತಾಗುತ್ತಿತ್ತು. ಬಯ್ಯಿಸಿಕೊಳ್ಳುವವರೂ ಯಾರಿಂದಲೋ ಬಯ್ಯಿಸಿಕೊಂಡೇ ನಮ್ಮತ್ತ ತಿರುಗುತ್ತಿದ್ದರು.

ಅಷ್ಟರಲ್ಲಿ ಕಾಂಗ್ರೆಸ್ 26ಕ್ಕೆ ‘ಮಡಿಕೇರಿ ಚಲೋ’ ಎಂದಿತು. ಅದೇ ದಿನ ತಮ್ಮದೂ ಒಂದು ಸಮಾವೇಶ ಎಂದು ಬಿಜೆಪಿ ಹೇಳಿತು. ಜಿಲ್ಲಾಡಳಿತ 24ರಿಂದ 27ರವರೆಗೆ 144ನೇ ಸೆಕ್ಷನ್ ಹೇರಿತು. ಇದನ್ನು ಕೇಳಿ ನನಗೇನೂ ಸಿಟ್ಟು ಬರಲಿಲ್ಲ. 2015ರ ನವೆಂಬರ್ 10ರಂದು ಟಿಪ್ಪು ಜಯಂತಿಯ ದಿನ ಇದೇ ಊರಿನಲ್ಲಿ ಕಲ್ಲು ಹಾರಿದ್ದನ್ನು, ಜೀವ ಹೋದದ್ದನ್ನು ಕಂಡ ಯಾವ ಅಧಿಕಾರಿಯೂ ಎರಡು ಮೆರವಣಿಗೆಗಳನ್ನು ಒಂದೇ ದಿನ ಮಡಿಕೇರಿಯ ಈ ಇಕ್ಕಟ್ಟಿನ ಏರು ರಸ್ತೆಗಳಿಗೆ ಬಿಡಲಾರ. ವಕೀಲ ಗೆಳೆಯನೊಬ್ಬ ಮಾತ್ರ ಕಾಫಿ ಕುಡಿಯುತ್ತಾ ಗೊಣಗಿದ. ಶಾಂತವಾದ ಪ್ರದರ್ಶನವೂ ಸಂವಿಧಾನದ 19ನೇ ವಿಧಿಯೊಳಗಿನ ಅಭಿವ್ಯಕ್ತಿಯೇ ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಹೇಳಿದೆ. ನ್ಯಾಯವಾದ ಅಭಿಪ್ರಾಯವನ್ನು ಹತ್ತಿಕ್ಕಲು 144 ಬಳಸುವಂತಿಲ್ಲ ಎಂದು 2020ರಲ್ಲಿ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಹೇಳಿದೆ ಎಂದ. ‘ಹಾಗಾದರೆ ಮೊಟ್ಟೆ?’ ಎಂದೆ. ‘ಕಪ್ಪು ಬಾವುಟ ಮಾತು. ಮೊಟ್ಟೆ ಮಾತಲ್ಲ, ಕೇಸು. ಮಾತು ಯಾವುದು, ಕೇಸು ಯಾವುದು ಎಂಬ ವ್ಯತ್ಯಾಸ ನಿನ್ನ ಟಿ.ವಿ.ಗೆ ಮಾತ್ರ ಬೇಡ’ ಎಂದು ಎದ್ದು ಹೋದ. ಬಿಲ್ಲು ನನ್ನ ತಲೆಗೆ.

ತಮಾಷೆಯೆಂದರೆ, ಆದೇಶ ಬಂದ ಮೇಲೆ ಎರಡೂ ಪಕ್ಷದವರು ತಮ್ಮ ತಮ್ಮ ಕಾರ್ಯಕ್ರಮ ಕೈಬಿಟ್ಟರು. ಅವರಿಗೆ ನಷ್ಟವೇನೂ ಆಗಲಿಲ್ಲ. ರಸ್ತೆ ಮುಚ್ಚಿದರೆ ಸ್ಟುಡಿಯೊ ತೆರೆದಿರುತ್ತದೆ. ಆದೇಶ ಮಾತ್ರ ಹಾಗೆಯೇ ಉಳಿಯಿತು. ಅದರ ಜೊತೆಗೆ ಡೆಸ್ಕಿನ ಹಸಿವೂ.

ಹೀಗೆ ಬಂದದ್ದು ಆ ಗುರುವಾರದ ಶಟರ್‌ಗಳು. ಏಳೂವರೆಗೆ ಕಳಿಸಿದೆ, ಎಂಟಕ್ಕೆ ಪ್ರಸಾರವಾಯಿತು. ‘ಬೂದಿ ಮುಚ್ಚಿದ ಕೆಂಡ ಕೊಡಗು’ ಎಂದು ಕೆಳಗೆ ಕೆಂಪು ಪಟ್ಟಿ. ಹಿಂದೆ ಡೋಲಿನ ಸದ್ದು. ನಮ್ಮದು ಮಳೆಯನ್ನು ಇಂದಿಗೂ ಇಂಚು, ಸೆಂಟಿನ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಅಳೆಯುವ ಜಿಲ್ಲೆ. ತೋಟದ ಮನೆಗಳಲ್ಲಿ ಅಜ್ಜಂದಿರ ಕೈಬರಹದ ಮಳೆ ಪುಸ್ತಕಗಳಿವೆ. ಎರಡು ಸೆಂಟು ಹೆಚ್ಚು ಬರೆದರೆ ಪಕ್ಕದ ತೋಟದವರು ನಗುತ್ತಾರೆ. ಅಂಥ ಜಿಲ್ಲೆಯ ಬಗ್ಗೆ ನಾನು ಕಳಿಸಿದ ಲೆಕ್ಕ ಇದು.

ಎಂಟೂಕಾಲಕ್ಕೆ ತಂಗಿಯ ಫೋನು. ಗಾಳಿಬೀಡಿನ ಹತ್ತಿರ ಅವಳದೊಂದು ಸಣ್ಣ ಹೋಂಸ್ಟೇ ಇದೆ. ಶನಿವಾರ, ಭಾನುವಾರಕ್ಕೆ ಮೂರು ಕೋಣೆ ಕಾದಿರಿಸಿದ್ದವರು ಎರಡನ್ನು ರದ್ದು ಮಾಡಿದ್ದರಂತೆ. ‘ಟಿ.ವಿ.ಯಲ್ಲಿ ನಮ್ಮ ಊರು ಉದ್ವಿಗ್ನವಂತೆ, ನೋಡಿದೆಯಾ?’ ಎಂದಳು. ನೋಡಿದೆ ಎಂದೆ. ‘ಆ ಬಟ್ಟೆ ಅಂಗಡಿಯ ಮುಂದೆ ನಡುರಸ್ತೆಯಲ್ಲಿ ನಾಯಿ ಮಲಗಿದೆ. ಗಲಾಟೆ ಇರುವ ಊರಿನಲ್ಲಿ ನಾಯಿ ಹಾಗೆ ಕಾಲು ಚಾಚಿ ಮಲಗುತ್ತದೆಯೇ? ಯಾವ ಪುಣ್ಯಾತ್ಮ ತೆಗೆದ ವಿಡಿಯೊ ಇದು?’

‘ಬೆಂಗಳೂರಿನಿಂದ ಯಾರೋ ಬಂದಿದ್ದಾರೆ’ ಎಂದೆ.

ಅವಳು ನಂಬಿದಳೋ ಇಲ್ಲವೋ, ‘ತಿಂಡಿ ತಿಂದೆಯಾ?’ ಎಂದು ಕೇಳಿ ಫೋನ್ ಇಟ್ಟಳು.

ಹನ್ನೊಂದರ ಹೊತ್ತಿಗೆ ಜಿಲ್ಲಾಧಿಕಾರಿ ಕಚೇರಿಯ ಕಡೆ ಹೋದೆ. ಅಂಗಡಿಗಳೆಲ್ಲ ತೆರೆದಿದ್ದವು, ನನ್ನ ಶಟರ್‌ಗಳೂ. ತಿಮ್ಮಯ್ಯ ವೃತ್ತದ ಬಳಿ ಪೊಲೀಸ್ ವ್ಯಾನು, ಅದರೊಳಗೆ ಬೇರೆ ಜಿಲ್ಲೆಯಿಂದ ಬಂದ ಹುಡುಗರು ಚಳಿಗೆ ಕೈ ಉಜ್ಜುತ್ತಿದ್ದರು. ರಸ್ತೆಯ ಬದಿಯಲ್ಲಿ ಹನ್ನೆರಡು ಜನ ನಿಂತಿದ್ದರು. ಒಂಬತ್ತು ಹೆಂಗಸರು, ಮೂವರು ಗಂಡಸರು. ಸಿದ್ದಾಪುರದ ಕಡೆಯ ಹೊಳೆದಂಡೆಯವರು, ತೋಟದ ಕೂಲಿಯವರು. 2019ರ ಪ್ರವಾಹದಲ್ಲಿ ಮನೆ ಕಳೆದುಕೊಂಡು, ನಿವೇಶನ ಕೊಡುತ್ತೇವೆ ಎಂಬ ಮಾತನ್ನು ಮೂರು ಮಳೆಗಾಲ ಹಿಡಿದುಕೊಂಡು ಕುಳಿತವರು. ಈ ಸಲದ ಮಳೆಗೆ ಬಾಡಿಗೆ ಮನೆಯ ಗೋಡೆಯೂ ಕುಸಿದಿತ್ತು. ಕಚೇರಿಯ ಮುಂದೆ ಒಂದು ಗಂಟೆ ಕುಳಿತು ಮನವಿ ಕೊಟ್ಟು ಹೋಗೋಣ ಎಂದು ಹದಿನೈದು ದಿನ ಮೊದಲೇ ಗೊತ್ತು ಮಾಡಿಕೊಂಡಿದ್ದರಂತೆ. ಮೊಟ್ಟೆಗಿಂತ ಮೊದಲು, ಅಂದರೆ.

ಐದು ಜನ ಸೇರುವಂತಿಲ್ಲ ಎಂದು ಪೊಲೀಸರು ತಡೆದಿದ್ದರು. ಒರಟಾಗಿ ಏನೂ ಅಲ್ಲ. ಆ ಸಬ್ ಇನ್ಸ್‌ಪೆಕ್ಟರ್ ಒಳ್ಳೆಯ ಮನುಷ್ಯ. ‘ನಾಲ್ಕು ಜನ ಹೋಗಿ ಕೊಟ್ಟು ಬನ್ನಿ, ಉಳಿದವರು ಒಟ್ಟಿಗೆ ನಿಲ್ಲಬೇಡಿ’ ಎಂದ. ಆ ಎಂಟು ಜನ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಸ್ವಲ್ಪ ಸ್ವಲ್ಪ ದೂರಕ್ಕೆ, ಒಬ್ಬೊಬ್ಬರಾಗಿ, ಬೇಲಿ ಗೂಟಗಳ ಹಾಗೆ ನಿಂತರು. ಅವರಲ್ಲೊಬ್ಬಳು ಹಿರಿಯ ಹೆಂಗಸು, ಬಾಯಿ ತುಂಬ ಎಲೆ ಅಡಿಕೆ, ನನ್ನ ಮೈಕ್ ನೋಡಿ ಹತ್ತಿರ ಬಂದಳು. ‘ನಾವು ಏನು ಮಾಡಿದೆವು ಎಂದು ಈ ತಡೆ?’ ಎಂದು ಕೇಳಿದಳು. ಕೋಪವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ಮೊಟ್ಟೆಯ ಕಥೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಕೋಳಿ ಮೊಟ್ಟೆಯೇ?’ ಎಂದಳು.

ಡೆಸ್ಕಿಗೆ ಫೋನ್ ಮಾಡಿದೆ. ‘ಎಷ್ಟು ಜನ?’ ಹನ್ನೆರಡು. ‘ಘೋಷಣೆ? ತಳ್ಳಾಟ?’ ಇಲ್ಲ. ‘ಮಡಿಕೇರಿ ಚಲೋಗೆ ಬಂದವರಾ?’ ಹೌದು ಎಂದಿದ್ದರೆ ಅರ್ಧ ಗಂಟೆಯಲ್ಲಿ ಅವರು ಪರದೆಯ ಮೇಲಿರುತ್ತಿದ್ದರು. ಆ ಒಂದು ಕ್ಷಣ ಹಾಗೆ ಹೇಳಿಬಿಡೋಣವೇ ಎಂದೂ ಅನ್ನಿಸಿತು. ಬೆಳಿಗ್ಗೆ ಅಷ್ಟು ದೊಡ್ಡ ಸುಳ್ಳು ಕಳಿಸಿದವನಿಗೆ ಇದೇನು ಮಹಾ. ಹೇಳಲಿಲ್ಲ. ‘ಹಾಗಾದರೆ ಬೇಡ, ಸಂಜೆ ಫೋನೋಗೆ ರೆಡಿ ಇರು’ ಎಂದರು. ಫೋನೋ ಎಂದರೆ ನೇರ ಪ್ರಸಾರದ ನಡುವೆ ಫೋನಿನಲ್ಲೇ ಕೊಡುವ ವರದಿ.

ದಿಡ್ಡಳ್ಳಿ ನೆನಪಾಯಿತು. 2016ರ ಡಿಸೆಂಬರಿನಲ್ಲಿ ಅರಣ್ಯ ಇಲಾಖೆ ಅಲ್ಲಿ ಆದಿವಾಸಿಗಳ ಐನೂರಕ್ಕೂ ಹೆಚ್ಚು ಗುಡಿಸಲು ಕೆಡವಿದಾಗ ಜನ ಆ ಚಳಿಯಲ್ಲಿ ಬಯಲಲ್ಲೇ ಕುಳಿತರು. ಆಗಲೂ ನಾನು ಇದೇ ಮೈಕ್ ಹಿಡಿದಿದ್ದೆ. ನಮ್ಮ ವಾಹಿನಿಯ ಓಬಿ ವ್ಯಾನು, ಅಂದರೆ ನೇರ ಪ್ರಸಾರದ ಗಾಡಿ, ಬಂದದ್ದು ಮಹಿಳೆಯೊಬ್ಬರು ಮರವೇರಿ ಬಟ್ಟೆ ಕಳಚಿ ಪ್ರತಿಭಟಿಸಿದ ಮೇಲೆ. ಆಕೆ ಯಾಕೆ ಹಾಗೆ ಮಾಡಬೇಕಾಯಿತು ಎಂದು ಸ್ಟುಡಿಯೊದಲ್ಲಿ ಬಹಳ ನೊಂದುಕೊಂಡು ಚರ್ಚಿಸಿದರು. ಉತ್ತರ ವ್ಯಾನಿನೊಳಗೇ ಇತ್ತು. ಆಮೇಲೆ ಆ ಕುಟುಂಬಗಳಿಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕಟ್ಟಿಕೊಟ್ಟ ಸುದ್ದಿಗೆ ವ್ಯಾನು ಬರಲಿಲ್ಲ. ನಾನೂ ಹೋಗಲಿಲ್ಲ, ಯಾಕೆಂದರೆ ಪ್ರಸಾರವಾಗುವುದಿಲ್ಲ ಎಂದು ಗೊತ್ತಿತ್ತು.

ಒಳಗೆ ಹೋಗಿದ್ದ ನಾಲ್ವರು ಮುಕ್ಕಾಲು ಗಂಟೆ ಬಿಟ್ಟು ಹೊರಗೆ ಬಂದರು. ಅಧಿಕಾರಿಗಳು ಬಂದೋಬಸ್ತಿನ ಸಭೆಯಲ್ಲಿದ್ದಾರೆ, ಮನವಿ ಟಪಾಲಿಗೆ ಕೊಡಿ, ಮಾತನಾಡಬೇಕಾದರೆ ಇದು ಮುಗಿದ ಮೇಲೆ ಬನ್ನಿ ಎಂದಿದ್ದರಂತೆ. ‘ಯಾವಾಗ ಮುಗಿಯುತ್ತದೆ?’ ಎಂದು ಎಲೆ ಅಡಿಕೆಯ ಹೆಂಗಸು ನನ್ನನ್ನು ಕೇಳಿದಳು. 27ಕ್ಕೆ ಎಂದೆ. ಹೇಳಿದ ಮೇಲೆ ಹೊಳೆಯಿತು: 27 ನಾಲ್ಕನೇ ಶನಿವಾರ, ಕಚೇರಿಗೆ ರಜೆ. ಮರುದಿನ ಭಾನುವಾರ. ಸೋಮವಾರ ಬರಬೇಕು. ಇನ್ನೊಂದು ದಿನದ ಕೂಲಿ, ಇನ್ನೊಮ್ಮೆ ಬಸ್ಸಿನ ದುಡ್ಡು. ಹನ್ನೆರಡು ಜನರದ್ದು.

ಸಂಜೆ ಫೋನೋ. ‘ಕೊಡಗಿನಲ್ಲಿ ಈ ಕ್ಷಣದ ಪರಿಸ್ಥಿತಿ ಹೇಗಿದೆ, ಆತಂಕದ ವಾತಾವರಣ ಮುಂದುವರಿದಿದೆಯೇ?’ ಎಂದು ನಿರೂಪಕರು ಕೇಳಿದರು. ಪ್ರಶ್ನೆಯಲ್ಲಿಯೇ ಉತ್ತರವನ್ನು ಕಟ್ಟಿ ಕೊಡುತ್ತಾರೆ, ನಾವು ಬಿಚ್ಚಿ ಓದಿದರೆ ಸಾಕು. ಆರು ವರ್ಷ ಓದಿದ್ದೆ. ಅಂದು ನಾಲಗೆ ಹೊರಳಲಿಲ್ಲ. ‘ಮಳೆ ಬರುತ್ತಿದೆ’ ಎಂದೆ. ‘ಜನ ಭಯದಲ್ಲಿದ್ದಾರೆಯೇ?’ ‘ತಡೆಗೋಡೆಯ ಬಗ್ಗೆ ಭಯವಿದೆ’ ಎಂದು ಶುರು ಮಾಡಿದೆ. ಸಂಪರ್ಕದ ತೊಂದರೆ ಇದೆ, ಮತ್ತೆ ಬರೋಣ ಎಂದರು. ಸಿಗ್ನಲ್ ನಾಲ್ಕು ಗೆರೆ ತೋರಿಸುತ್ತಿತ್ತು. ಇದನ್ನು ಧೈರ್ಯವೆಂದು ಹೇಳಿಕೊಳ್ಳುವಂತಿಲ್ಲ. ಬೆಳಗಿನ ಶಟರ್‌ಗಳ ದುಡ್ಡನ್ನು ಮುಂದಿನ ತಿಂಗಳು ತೆಗೆದುಕೊಂಡಿದ್ದೇನೆ.

26ರ ಶುಕ್ರವಾರ ಏನೂ ನಡೆಯಲಿಲ್ಲ. ಏನೂ ನಡೆಯದ ಸುದ್ದಿಯನ್ನು ದಿನವಿಡೀ ತೋರಿಸಿದರು. ಶನಿವಾರದ ಹೊತ್ತಿಗೆ ಪರದೆಯಿಂದ ಕೊಡಗು ಮಾಯವಾಗಿತ್ತು.

ಸೋಮವಾರ ಯಾರೂ ಕೇಳದಿದ್ದರೂ ಲೋಗೋ ಬಿಚ್ಚಿಟ್ಟು ಕಚೇರಿಯ ಬಳಿ ಹೋದೆ. ಊರಿನ ಪತ್ರಿಕೆಯೊಂದರಲ್ಲಿ ಗೆಳೆಯನಿದ್ದ, ಆರು ಸಾಲು ಬರೆದುಕೊಟ್ಟರೆ ಹಾಕುತ್ತೇನೆ ಎಂದಿದ್ದ. ವ್ಯಾನು ಇರಲಿಲ್ಲ, ಬೇರೆ ಜಿಲ್ಲೆಯ ಹುಡುಗರು ಇರಲಿಲ್ಲ. ಗೋಡೆಯ ಮೇಲಿನ ಪ್ಲಾಸ್ಟಿಕ್ ಮಾತ್ರ ಗಾಳಿಗೆ ಪಟಪಟ ಎನ್ನುತ್ತಿತ್ತು. ಹನ್ನೆರಡರಲ್ಲಿ ಬಂದವರು ಐದು ಜನ. ಉಳಿದವರಿಗೆ ಕೂಲಿ ಬಿಡಲಾಗಿರಲಿಲ್ಲ.

ನಾಲ್ವರು ಒಳಗೆ ಹೋಗಿದ್ದರು. ಎಲೆ ಅಡಿಕೆಯ ಹೆಂಗಸು ಗೇಟಿನ ಆಚೆ, ರಸ್ತೆ ದಾಟಿ, ಒಬ್ಬಳೇ ನಿಂತಿದ್ದಳು. ‘ನೀವು ಯಾಕೆ ಹೋಗಲಿಲ್ಲ?’ ಎಂದೆ.

‘ನಾನು ಐದನೆಯವಳು’ ಎಂದಳು.