ರಾಣಿಯನ್ನು ಹುಡುಕುತ್ತಾ ಕಳೆದುಕೊಂಡದ್ದು

ಮೊದಲ ಜೇನು ಪೆಟ್ಟಿಗೆಯನ್ನು ತಂದಿರಿಸಿದ ಮೇಲೆ ಸುಮಾರು ಒಂದೂವರೆ ತಿಂಗಳು ನಾನು ಮೂರು ದಿನಕ್ಕೊಮ್ಮೆ ಅದರ ಮುಚ್ಚಳ ತೆಗೆದು ನೋಡುತ್ತಿದ್ದೆ. ತಪಾಸಣೆ ಎಂಬುದು ನೆಪ. ರಾಣಿಯನ್ನು ಕಣ್ಣಾರೆ ಕಾಣಬೇಕೆಂಬ ಹಂಬಲವೇ ನಿಜವಾದ ಕಾರಣ. ಮರಿಗಳು ಬೆಳೆಯುವ ಸಂಸಾರ ಕೋಣೆಯ ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ, ಸಾವಿರಾರು ಕೆಲಸಗಾರ ನೊಣಗಳ ನಡುವೆ ನೀಳ ಹೊಟ್ಟೆಯ ಆ ಒಬ್ಬಳಿಗಾಗಿ ಕಣ್ಣಾಡಿಸುವಷ್ಟರಲ್ಲಿ ಅರ್ಧ ಗಂಟೆ ಸರಿದುಹೋಗುತ್ತಿತ್ತು. ಮರಿಗಳಿರುವ ಎರಿಯನ್ನು (ಚೌಕಟ್ಟಿನಲ್ಲಿ ಕಟ್ಟಿದ ಮೇಣದ ಹಲ್ಲೆಯನ್ನು) ನೊಣಗಳು ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಾಯ್ದುಕೊಳ್ಳುತ್ತವೆ, ಪ್ರತಿ ಸಲ ತೆರೆದಾಗಲೂ ಕಳೆದ ಶಾಖವನ್ನು ಮತ್ತೆ ಕೂಡಿಸಲು ಅವು ದುಡಿಯಬೇಕಾಗುತ್ತದೆ ಎಂದು ಓದಿ ತಿಳಿದಿದ್ದರೂ ನನ್ನ ಕೈ ಸುಮ್ಮನಿರುತ್ತಿರಲಿಲ್ಲ.

ಹೊಗೆಯ ವಿಷಯದಲ್ಲಿಯೂ ನನಗೆ ತಪ್ಪು ತಿಳಿವಳಿಕೆಯಿತ್ತು. ಹೊಗೆಯಿಂದ ನೊಣಗಳಿಗೆ ಮಂಪರು ಬರುತ್ತದೆ ಎಂದುಕೊಂಡು ಧಾರಾಳವಾಗಿ ಊದುತ್ತಿದ್ದೆ. ವಾಸ್ತವದಲ್ಲಿ ಹೊಗೆಯು ಅಪಾಯದ ಸೂಚನೆಯಾಗಿ ಅವು ಸೂಸುವ ವಾಸನೆಯನ್ನು ಮರೆಮಾಡುತ್ತದೆ, ಜೊತೆಗೆ ಅವು ಜೇನು ಕುಡಿದು ಹೊಟ್ಟೆ ತುಂಬಿಸಿಕೊಳ್ಳುವಂತೆ ಮಾಡುತ್ತದೆ. ಅದಕ್ಕೆ ಬಾಗಿಲಲ್ಲಿ ಎರಡು ಮೂರು ಸಲ ಮೆಲ್ಲಗೆ ಊದಿದರೆ ಸಾಕು. ಆ ಅಪಾಯದ ವಾಸನೆ ಬಾಳೆಹಣ್ಣಿನ ವಾಸನೆಯನ್ನು ಹೋಲುತ್ತದೆ, ಮುಳ್ಳು ನಾಟಿದ ಜಾಗದಲ್ಲಿ ಉಳಿದು ಉಳಿದವರನ್ನೂ ಅಲ್ಲಿಗೇ ಕರೆಯುತ್ತದೆ ಎಂಬುದನ್ನು ನನ್ನ ಎಡಗೈ ಮಣಿಕಟ್ಟು ಒಂದೇ ಮಧ್ಯಾಹ್ನದಲ್ಲಿ ಕಲಿಯಿತು.

ರಾಣಿಯನ್ನು ಹುಡುಕುವ ಭರದಲ್ಲಿ ನಾನು ಎರಿಗಳ ಕೆಳಅಂಚನ್ನು ಒಮ್ಮೆಯೂ ನೋಡಿರಲಿಲ್ಲ. ಕುಟುಂಬವು ಪಾಲಾಗಲು, ಅಂದರೆ ಒಂದು ಭಾಗ ಹಿರಿಯ ರಾಣಿಯೊಡನೆ ಬೇರೆ ಗೂಡಿಗೆ ಹೊರಡಲು, ಸಿದ್ಧವಾದಾಗ ನೆಲಗಡಲೆ ಕಾಯಿಯಂತೆ ಜೋತುಬಿದ್ದ ರಾಣಿ ಕೋಶಗಳನ್ನು ನೊಣಗಳು ಹೆಚ್ಚಾಗಿ ಅಲ್ಲಿಯೇ ಕಟ್ಟುತ್ತವೆ. ಪೆಟ್ಟಿಗೆಯಲ್ಲಿ ನೊಣಗಳು ತೆಳುವಾದಂತೆ ಕಂಡಾಗ, ಹೂವಿನ ಕಾಲವಲ್ಲವೇ, ಹೊರಗೆ ಹೋಗಿರಬೇಕು ಎಂದು ಸಮಾಧಾನಪಟ್ಟುಕೊಂಡೆ. ಕೆಲವು ದಿನಗಳ ನಂತರ ಒಂದು ಚೌಕಟ್ಟು ಅಕಸ್ಮಾತ್ತಾಗಿ ತಲೆಕೆಳಗಾದಾಗಲೇ ಮುಚ್ಚಿದ ಐದು ರಾಣಿ ಕೋಶಗಳು ಕಣ್ಣಿಗೆ ಬಿದ್ದವು. ಇವನ್ನು ತೆಗೆದರೆ ಕುಟುಂಬ ಪಾಲಾಗುವುದಿಲ್ಲ ಎಂಬ ಅರೆಬರೆ ತಿಳಿವಳಿಕೆಯಲ್ಲಿ ಐದನ್ನೂ ಕತ್ತರಿಸಿದೆ. ಮೊದಲ ಕೋಶಕ್ಕೆ ಮೇಣದ ಮುಚ್ಚಳ ಬೀಳುವ ಹೊತ್ತಿಗೆ ಹಿರಿಯ ರಾಣಿ ಸಾಮಾನ್ಯವಾಗಿ ಅರ್ಧ ಸಂಸಾರದೊಡನೆ ಹೊರಟುಹೋಗಿರುತ್ತಾಳೆ. ನಾನು ಕತ್ತರಿಸಿದ್ದು ಉಳಿದವರ ಭವಿಷ್ಯವನ್ನು.

ಒಂದು ವಾರದ ನಂತರ ಎರಿಗಳಲ್ಲಿ ಮೊಟ್ಟೆಯಾಗಲಿ, ಎಳೆಯ ಮರಿಹುಳುವಾಗಲಿ ಇರಲಿಲ್ಲ. ಕೆಲಸಗಾರ ನೊಣವಾಗಬೇಕಾದ ಮರಿಹುಳುವಿಗೆ ಎಳೆತನದಿಂದ ಕೊನೆಯವರೆಗೂ ರಾಜಶಾಹಿ ರಸವನ್ನು (ನೊಣಗಳು ತಾವೇ ಸ್ರವಿಸುವ ಆಹಾರವನ್ನು) ಉಣಿಸಿ ರಾಣಿಯನ್ನಾಗಿ ಬೆಳೆಸುವ ವಿದ್ಯೆ ನೊಣಗಳಿಗೆ ಗೊತ್ತು. ಆದರೆ ಮರಿಹುಳುವಿನ ವಯಸ್ಸು ಮೂರು ದಿನ ಮೀರಿರಬಾರದು. ಅನುಭವವುಳ್ಳ ಸ್ನೇಹಿತರೊಬ್ಬರು ತಮ್ಮ ಪೆಟ್ಟಿಗೆಯಿಂದ ಮೊಟ್ಟೆಗಳಿದ್ದ ಒಂದು ಚೌಕಟ್ಟನ್ನು ನೊಣಗಳನ್ನು ಕೊಡವಿ ಕೊಟ್ಟರು. ನಾಲ್ಕನೆಯ ದಿನ ಅದರ ಮೈಮೇಲೆ, ಈ ಸಲ ಅಂಚಿನಲ್ಲಲ್ಲ, ನಟ್ಟನಡುವೆ, ಎರಡು ರಾಣಿ ಕೋಶಗಳು ಎದ್ದಿದ್ದವು. ಮುಚ್ಚಳ ಹಾಕಿ, ಇನ್ನೊಂದು ತಿಂಗಳು ತೆರೆಯುವುದಿಲ್ಲ ಎಂದು ನಿಶ್ಚಯಿಸಿದೆ. ಮೊಟ್ಟೆಯಿಂದ ರಾಣಿಯಾಗಿ ಹೊರಬರಲು ಸುಮಾರು 16 ದಿನ ಬೇಕು. ಅನಂತರ ಅವಳ ಮೈ ಬಲಿತು, ಬಿಸಿಲಿರುವ ದಿನ ಹೊರಗೆ ಹಾರಿ ಹಲವು ಗಂಡು ನೊಣಗಳನ್ನು ಕೂಡಿ, ಮರಳಿ ಬಂದು ಮೊಟ್ಟೆಯಿಡಲು ಇನ್ನೂ ಒಂದೆರಡು ವಾರ. ಅವಳು ಹಾರಿ ಮರಳುವ ದಿನಗಳಲ್ಲಿ ಪೆಟ್ಟಿಗೆಯನ್ನು ಕೆದಕಿದರೆ ಅವಳನ್ನೇ ಕಳೆದುಕೊಳ್ಳುವ ಸಂಭವವಿದೆ.

ಆ ತಿಂಗಳು ನನಗೆ ಉಳಿದದ್ದು ಬಾಗಿಲು ಮಾತ್ರ. ಪ್ರತಿದಿನ ಪಕ್ಕದಲ್ಲಿ ಕುಳಿತು ನೋಡಲಾರಂಭಿಸಿದೆ (ಎದುರಿಗೆ ಕುಳಿತರೆ ಅವುಗಳ ಹಾದಿಗೆ ಅಡ್ಡ). ಹಿಂಗಾಲಿನಲ್ಲಿ ಪರಾಗದ ಉಂಡೆ ಹೊತ್ತು ಬರುವವರು ಮೊದಲು ಕಡಿಮೆಯಿದ್ದು ಬರಬರುತ್ತಾ ಹೆಚ್ಚಾದರು. ಮಧ್ಯಾಹ್ನದ ಹೊತ್ತು ಹೊಸ ನೊಣಗಳು ಪೆಟ್ಟಿಗೆಗೆ ಮುಖ ಮಾಡಿ ಗಾಳಿಯಲ್ಲಿ ತೂಗಾಡುತ್ತಾ ಮನೆಯ ಗುರುತು ಹಿಡಿಯುವುದನ್ನು, ನಾನು ಹಿಂದೆ ಕಳ್ಳ ನೊಣಗಳ ದಾಳಿಯೆಂದು ಭಾವಿಸಿದ್ದೆ. ಕಳ್ಳರು ಹಾಗೆ ತೂಗುವುದಿಲ್ಲ, ಬಿರುಕುಗಳನ್ನು ಮೂಸುತ್ತಾರೆ, ಕಾವಲಿನವರೊಡನೆ ಉರುಳಾಡಿ ಕಾದಾಡುತ್ತಾರೆ. ಅಡಿಮಣೆಯ ಮೇಲೆ ಬಲೆಯಂಥ ನೂಲು ಕಂಡರೆ ಮೇಣದ ಪತಂಗ ಒಳಗೆ ಸೇರಿದೆ ಎಂದರ್ಥ, ಅದೃಷ್ಟಕ್ಕೆ ಅದು ಕಾಣಲಿಲ್ಲ. ಪೆಟ್ಟಿಗೆಯ ಹಿಂಬದಿಯನ್ನು ಬೆರಳಿನಿಂದ ತುಸು ಎತ್ತಿ ತೂಕ ಅಂದಾಜಿಸುವುದೂ ರೂಢಿಯಾಯಿತು. ಹಗುರವೆನಿಸಿದ ವಾರ ಸಕ್ಕರೆ ಪಾಕವನ್ನು ಸಂಜೆ ಒಳಗಿಟ್ಟೆ, ಹಗಲಿನಲ್ಲಿಟ್ಟರೆ ಅದೇ ಕಳ್ಳರಿಗೆ ಆಮಂತ್ರಣ.

ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ, ಬಿಸಿಲು ಬೆನ್ನ ಹಿಂದಿರುವಂತೆ ನಿಂತು ನಡುವಿನ ಒಂದು ಚೌಕಟ್ಟನ್ನು ಮಾತ್ರ ಎತ್ತಿದೆ. ಕಣಕ್ಕೊಂದರಂತೆ, ತಳದ ನಟ್ಟನಡುವೆ ನೆಟ್ಟಗೆ ನಿಂತ ಬಿಳಿಯ ಮೊಟ್ಟೆಗಳು. ಒಂದೇ ಕಣದಲ್ಲಿ ಹಲವು ಮೊಟ್ಟೆಗಳು ಗೋಡೆಗೆ ಅಂಟಿಕೊಂಡಿದ್ದರೆ ರಾಣಿಯಿಲ್ಲದೆ ಕೆಲಸಗಾರ ನೊಣಗಳೇ ಮೊಟ್ಟೆಯಿಡತೊಡಗಿವೆ ಎಂದು ಹೆದರಬೇಕಿತ್ತು, ಹಾಗಿರಲಿಲ್ಲ. ಎರಿಯನ್ನು ತಿರುಗಿಸಿ ಅವಳನ್ನು ಹುಡುಕಲಿಲ್ಲ. ಅದನ್ನು ಇದ್ದ ಜಾಗದಲ್ಲೇ ಇಳಿಸಿ, ಮುಚ್ಚಳ ಹಾಕಿದೆ. ಆ ರಾಣಿಯನ್ನು ನಾನು ಇವತ್ತಿಗೂ ನೋಡಿಲ್ಲ.